ಒಂದೇ ಜೊತೆ ಸಾಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚೆನ್ನೈನ ಉತ್ತರದ ಅಂಚಿನಲ್ಲಿ, ಹೆದ್ದಾರಿಯಿಂದ ಒಳಗೆ ತಿರುಗುವ ರಸ್ತೆಯ ಬದಿಯಲ್ಲಿ ಬಸವಣ್ಣೆಮ್ಮ ನೀಲಿ ಟಾರ್ಪಾಲಿನ ಗಂಟು ಬಿಚ್ಚುತ್ತಿದ್ದಾರೆ. ಟಾರ್ಪಾಲಿನ ಅಡಿಯಲ್ಲಿ ಒಂದು ಹಳೆಯ ಹೊಲಿಗೆ ಯಂತ್ರ, ಒಂದು ಸ್ಟೂಲು, ಒಂದು ಬಿಸ್ಕತ್ತಿನ ಡಬ್ಬಿ. ರಸ್ತೆಯ ಆಚೆ ಬದಿಗೆ ಜೈಲಿನ ಎತ್ತರದ ಗೋಡೆ. ಗೋಡೆಯ ಮೇಲಿನ ದೀಪಗಳನ್ನು ಇನ್ನೂ ಆರಿಸಿಲ್ಲ. ಯಂತ್ರದ ಕಾಲಿಗೆ ಸರಪಳಿ ಸುತ್ತಿ ಬೇವಿನ ಮರಕ್ಕೆ ಬೀಗ ಹಾಕಿದೆ. ಜೈಲಿನ ಎದುರಿನಲ್ಲೂ ಕಳ್ಳರ ಭಯವೇ ಎಂದು ಕೇಳಿದರೆ ಅವರು ಬೀಗದ ಕೈ ತಿರುಗಿಸುತ್ತಲೇ ನಗುತ್ತಾರೆ.

“ಕಳ್ಳರೆಲ್ಲಾ ಗೋಡಿ ಆ ಕಡಿಗೇ ಅದಾರ ಅಂತ ಯಾರು ಹೇಳಿದ್ರು ಅಕ್ಕಾರ ನಿಮಗ?”

ಗೇಟಿನ ಹತ್ತಿರ ಆಗಲೇ ಸಾಲು ಬೆಳೆದಿದೆ. ಒಳಗಿರುವವರನ್ನು ನೋಡಲು ಅರ್ಜಿ ಕೊಡುವುದಕ್ಕೆ ಇಲ್ಲಿ ಎಲ್ಲರೂ ‘ಮನು ಹಾಕೋದು’ ಎನ್ನುತ್ತಾರೆ. ಮನು ಹಾಕಲು ಬಂದವರಲ್ಲಿ ಹೆಂಗಸರೇ ಹೆಚ್ಚು. ಕಂಕುಳಲ್ಲಿ ಮಗು, ಕೈಯಲ್ಲಿ ಬಟ್ಟೆಯ ಚೀಲ, ಸೆರಗಿನಲ್ಲಿ ಆಧಾರ್ ಕಾರ್ಡು. ಸಾಲಿನಿಂದ ಒಬ್ಬಾಕೆ ಓಡುತ್ತ ರಸ್ತೆ ದಾಟಿ ಬರುತ್ತಾಳೆ. ಹೆಸರು ಕನ್ನಿಯಮ್ಮ, ಎಣ್ಣೂರಿನ ಮೀನುಗಾರರ ಕೇರಿಯವಳು. ದೋಣಿ ನಿಲ್ಲಿಸುವ ಜಾಗಕ್ಕಾಗಿ ನಡೆದ ಹೊಡೆದಾಟದಲ್ಲಿ ಗಂಡ ಒಳಗೆ ಹೋಗಿದ್ದಾನೆ. ಅವಳು ಚೀಲದಿಂದ ಎರಡು ಪೈಜಾಮ, ಎರಡು ಅಂಗಿ ತೆಗೆದು ಯಂತ್ರದ ಮೇಲಿಡುತ್ತಾಳೆ.

ಬಸವಣ್ಣೆಮ್ಮ ಒಂದು ಪೈಜಾಮ ಎತ್ತಿಕೊಳ್ಳುತ್ತಾರೆ. ಸೊಂಟದ ಪಟ್ಟಿಯಿಂದ ಲಾಡಿಯ ತುದಿ ಹಿಡಿದು ಒಂದೇ ಸಮನೆ ಎಳೆಯುತ್ತಾರೆ. ಆಮೇಲೆ ಪಿನ್ನಿಗೆ ಇಲಾಸ್ಟಿಕ್ ಸಿಕ್ಕಿಸಿ ಅದೇ ದಾರಿಯಲ್ಲಿ ತೂರಿಸುತ್ತಾರೆ. ಬೆರಳುಗಳು ಬಟ್ಟೆಯ ಹೊರಗಿನಿಂದಲೇ ಪಿನ್ನನ್ನು ಮುಂದೆ ಮುಂದೆ ನೂಕುತ್ತವೆ. ಯಂತ್ರ ನಾಲ್ಕು ಸಲ ಟಕಟಕ ಎನ್ನುತ್ತದೆ, ಮುಗಿಯಿತು. ಎರಡನೆಯ ಪೈಜಾಮದ ಲಾಡಿಯನ್ನು ಮಾತ್ರ ಅವರು ತೆಗೆಯುವುದಿಲ್ಲ. ಮಡಚಿ ಕನ್ನಿಯಮ್ಮನ ಚೀಲಕ್ಕೇ ಹಾಕುತ್ತಾರೆ.

“ಒಂದೇ ಜೊತೆ ಸಾಕಮ್ಮಾ. ಇನ್ನೊಂದನ್ನು ಮುಂದಿನ ವಾರ ತಾ.” ಇದನ್ನು ಅವರು ಹೇಳುವುದು ತಮಿಳಿನಲ್ಲಿ.

“ಬದಲಿಸೋಕೆ ಬೇಡವಾ ಪಾಟಿ? ಮಳೆ ಬೇರೆ. ಒಗೆದದ್ದು ಒಣಗುವುದಿಲ್ಲ.”

“ಒದ್ದೆಯಾದರೆ ಆಗಲಿ. ಒಂದೇ ಕೊಡು.”

ಕನ್ನಿಯಮ್ಮ ಗೊಣಗುತ್ತ ಸಾಲಿಗೆ ಓಡುತ್ತಾಳೆ. ಮಾತು ಹಿತವಾಗಿರಲಿಲ್ಲ ಎಂದು ಬಸವಣ್ಣೆಮ್ಮನವರಿಗೂ ಗೊತ್ತು. ಲಾಡಿಯನ್ನು ಬೆರಳಿಗೆ ಸುತ್ತಿ, ಪೈಜಾಮದ ಅಂಚಿನಿಂದ ಕತ್ತರಿಸಿಟ್ಟ ಬಟ್ಟೆಯ ಚೂರೊಂದನ್ನು ಅದಕ್ಕೆ ಕಟ್ಟಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ.

ಈ ರಸ್ತೆಯಲ್ಲಿ ಅವರಿಗೆ ‘ನಾಡಾ ಪಾಟಿ’ ಎಂದು ಹೆಸರು. ತಮಿಳಿನಲ್ಲಿ ಲಾಡಿಗೆ ನಾಡಾ, ಅಜ್ಜಿಗೆ ಪಾಟಿ. ಈ ಗೇಟಿನಲ್ಲಿ ಲಾಡಿ ಇರುವ ಬಟ್ಟೆ ಒಳಗೆ ಹೋಗುವುದಿಲ್ಲ. ಬೆಲ್ಟು ಕೂಡದು, ಶೂ ಲೇಸು ಕೂಡದು, ಖಾಕಿ ಬಣ್ಣ ಕೂಡದು. ಅಚ್ಚ ಬಿಳಿಯೂ ಕೂಡದು, ಅದು ಶಿಕ್ಷೆಯಾದವರು ಉಡುವ ಬಣ್ಣ. ಲಾಡಿ ಏಕೆ ಕೂಡದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತು. ಗಂಡನಿಗೋ ಮಗನಿಗೋ ಒಗೆದು ಇಸ್ತ್ರಿ ಮಾಡಿ ತಂದ ಬಟ್ಟೆಯನ್ನು ಕಿಟಕಿಯಿಂದ ಹೊರಗೆ ತಳ್ಳಿದಾಗ ಆ ಕಾರಣ ತಟ್ಟನೆ ತಲೆಗೆ ಹೊಳೆದು ನಿಂತಲ್ಲೇ ಅತ್ತವರನ್ನು ಬಸವಣ್ಣೆಮ್ಮ ಬಹಳ ನೋಡಿದ್ದಾರೆ.

“ಅಲ್ಲಿತನಕ ಅವರು ಅದನ್ನ ಯೋಚ್ನಿ ಮಾಡಿರಂಗಿಲ್ರೀ. ಲಾಡಿ ಯಾಕ ಬ್ಯಾಡ ಅಂತಾರ ಅನ್ನೋದು ತಿಳಿದ ಮ್ಯಾಲೆ ಕಾಲಾಗ ಶಕ್ತಿ ಇರಂಗಿಲ್ಲ. ಅದಕ್ಕs ನಾ ಮೊದ್ಲು ಸ್ಟೂಲ್ ಕೊಡ್ತೀನಿ.”

ಒಂದೇ ಸ್ಟೂಲು ಇರುವುದು. ಬಂದವರು ಕೂತರೆ ಬಸವಣ್ಣೆಮ್ಮ ನಿಂತುಕೊಂಡೇ ಯಂತ್ರ ತುಳಿಯುತ್ತಾರೆ.

ಅರವತ್ತು ದಾಟಿದ ಬಸವಣ್ಣೆಮ್ಮನವರದು ಕೂಡ್ಲಿಗಿ ಸೀಮೆ. ಮದುವೆಯಾಗಿ ಬಂದದ್ದು ಪೆರಂಬೂರಿಗೆ. ಗಂಡ ಕೊಟ್ರಪ್ಪ ಗುತ್ತಿಗೆದಾರರೊಬ್ಬರ ಕೈಕೆಳಗೆ ರೈಲು ಬೋಗಿಗಳ ಸೀಟಿನ ಹೊದಿಕೆ ಹೊಲಿಯುತ್ತಿದ್ದರು. ಒಂದು ದಿನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಯಂತ್ರ ಅವರದೇ. ಅದರ ಮರದ ಹಲಗೆಯ ಮೇಲೆ ಅವರ ಮೊಣಕೈ ಊರಿದ ಕಡೆ ಬಣ್ಣ ಹೋಗಿದೆ. ಬಸವಣ್ಣೆಮ್ಮನವರ ಮೊಣಕೈ ಅಲ್ಲಿಗೆ ಸರಿಯಾಗಿ ಬರುವುದಿಲ್ಲ, ಸ್ವಲ್ಪ ಈಚೆಗೆ ಊರುತ್ತದೆ.

ಜೈಲಿನೆದುರು ಬಂದು ಕೂತದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಪಕ್ಕದ ಮನೆಯಾಕೆಯ ಮಗ ಒಳಗಾದಾಗ ಆಕೆ ಒಯ್ದ ಪೈಜಾಮ ವಾಪಸು ಬಂತು. ಬಸವಣ್ಣೆಮ್ಮ ರಾತ್ರಿ ಇಲಾಸ್ಟಿಕ್ ಹಾಕಿಕೊಟ್ಟು ಮರುದಿನ ಜೊತೆಗೆ ಬಂದರು. ಅಲ್ಲಿ ಗೇಟಿನ ಬಳಿ ವಾಪಸು ಬಂದ ಬಟ್ಟೆ ಹಿಡಿದು ನಿಂತವರು ಇನ್ನೂ ಎಷ್ಟೋ ಮಂದಿ. ಮುಂದಿನ ವಾರ ಯಂತ್ರವನ್ನೇ ಆಟೋದಲ್ಲಿ ಹಾಕಿಕೊಂಡು ಬಂದರು.

ಕೋಡಂಬಾಕ್ಕಂನಲ್ಲಿರುವ ಮಗಳು ಸೌಂದರ್ಯಾಗೆ ಇದು ಇಷ್ಟವಿಲ್ಲ. ತಾಯಿ ಕನ್ನಡದಲ್ಲಿ ಆಡಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಇಬ್ಬರ ಜಗಳವೂ ಹೀಗೆ ಎರಡು ಭಾಷೆಯಲ್ಲೇ ನಡೆಯುತ್ತದೆ. ಊರಲ್ಲಿ ಬ್ಲೌಸ್ ಹೊಲಿಸಿಕೊಳ್ಳುವವರು ಯಾರೂ ಇಲ್ಲವಾ, ಜೈಲಿನ ಮುಂದೆಯೇ ಹೋಗಿ ಕೂರಬೇಕಾ ಎಂದು ಅವಳ ಪ್ರಶ್ನೆ. “ಮದುವಿ ಬ್ಲೌಸ್ ಹೊಲಿಯಾಕ ಬೀದಿಗೊಬ್ರು ಅದಾರ. ಇಲ್ಲಿ ಬಂದು ಕುಂದರೋರು ಯಾರು ತೋರ್ಸು ಅಂದೆ. ಫೋನ್ ಇಟ್ಲು” ಎಂದು ಬಸವಣ್ಣೆಮ್ಮ ನಗುತ್ತಾರೆ.

ಮನು ಹಾಕುವ ದಿನಗಳಲ್ಲಿ ಮೂವತ್ತು ನಲವತ್ತು ಬಟ್ಟೆ ಕೈಗೆ ಬರುತ್ತವೆ. ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಬಿಸಿಲಿನಲ್ಲಿ ಟಾರ್ಪಾಲು ಕಾಯುತ್ತದೆ, ಮಳೆಯಲ್ಲಿ ಸೋರುತ್ತದೆ. ವರ್ಷಕ್ಕೆರಡು ಸಲ ರಸ್ತೆ ತೆರವು ಮಾಡುವವರು ಬರುತ್ತಾರೆ. ಆಗೆಲ್ಲ ಗೇಟಿನ ಹೊರಗೆ ಕಾವಲಿರುವ ವಯಸ್ಸಾದ ಪೊಲೀಸಪ್ಪ ಯಂತ್ರವನ್ನು ತನ್ನ ಶೆಡ್ಡಿನ ಹಿಂದೆ ಸರಿಸಿಡುತ್ತಾರೆ. ಅವರ ಗೇಲಿ ಮಾತ್ರ ನಿಲ್ಲುವುದಿಲ್ಲ.

“ಪಾಟಿ, ಇಲಾಸ್ಟಿಕ್ ಇಷ್ಟು ಬಿಗಿ ಹಾಕಿದರೆ ಒಳಗಿನವರು ಊಟ ಮಾಡೋದು ಹೇಗೆ?”

“ನಿಮ್ಮ ಊಟ ಉಂಡು ದಪ್ಪಗಾಗಿ ಹೊರಗೆ ಬಂದವನೊಬ್ಬನನ್ನ ತೋರಿಸು, ಸಡಿಲ ಮಾಡ್ತೀನಿ.”

ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಗುತ್ತಾರೆ. ಸಾಲಿನಲ್ಲಿ ನಿಂತ ಒಬ್ಬ ಮುದುಕಿಯೂ ನಗುತ್ತಾಳೆ, ಆಮೇಲೆ ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಸೆರಗು ಬಾಯಿಗೆ ಹಿಡಿಯುತ್ತಾಳೆ.

ಬಿಸ್ಕತ್ತಿನ ಡಬ್ಬಿಯ ತುಂಬ ಲಾಡಿಗಳು. ಹತ್ತಿಯವು, ನೈಲಾನಿನವು, ಹಳೆಯ ಸೀರೆ ಹರಿದು ಹೊಸೆದವು. ತೆಗೆದ ಲಾಡಿಯನ್ನು ಮನೆಗೆ ಒಯ್ಯಬಾರದು ಎಂಬ ರೂಢಿ ಈ ರಸ್ತೆಯಲ್ಲಿ ಹೇಗೋ ಬೆಳೆದುಬಿಟ್ಟಿದೆ. ಒಯ್ದರೆ ಅದನ್ನು ಕಟ್ಟಿಕೊಳ್ಳುವವನು ಬರುವುದಿಲ್ಲವಂತೆ. ಯಾರು ಶುರು ಮಾಡಿದರೋ ಬಸವಣ್ಣೆಮ್ಮನವರಿಗೂ ತಿಳಿಯದು. ಹೊರಗೆ ಬಂದವನು ಮೊದಲು ರಸ್ತೆ ದಾಟಿ ಇವರ ಬಳಿಗೆ ಬರಬೇಕು. ಬಟ್ಟೆಯ ಚೂರು ನೋಡಿ ಇವರು ಅವನ ಲಾಡಿ ಹುಡುಕಿ ಪೋಣಿಸಿ ಕೊಡುತ್ತಾರೆ. ಕೆಲವರು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಬಾರದವರೇ ಜಾಸ್ತಿ. ಡಬ್ಬಿಯ ತಳದಲ್ಲಿ ಕೆಲವು ಲಾಡಿಗಳು ಮಣ್ಣಿನ ಬಣ್ಣಕ್ಕೆ ತಿರುಗಿವೆ.

ಒಳಗಿರುವವರಲ್ಲಿ ಹೆಚ್ಚಿನವರ ಮೇಲೆ ಅಪರಾಧ ಇನ್ನೂ ಸಾಬೀತಾಗಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಕೋರ್ಟು ಜಾಮೀನನ್ನೂ ಕೊಟ್ಟಿರುತ್ತದೆ. ಆದರೂ ಒಳಗೇ ಇರುತ್ತಾರೆ. ಇದು ಹೊರಗಿನವರಿಗೆ ಬೇಗ ಅರ್ಥವಾಗದ ಸಂಗತಿ. ಜಾಮೀನು ಸಿಕ್ಕಿತು ಎಂದರೆ ಬಿಡುಗಡೆಯಾಯಿತು ಎಂದುಕೊಂಡು ಹೊಸ ಅಂಗಿ, ಲಾಡು ಹಿಡಿದು ಬಂದು ಸಂಜೆಯವರೆಗೆ ಗೇಟಿನೆದುರು ಕಾದು ಹೋದವರನ್ನು ಬಸವಣ್ಣೆಮ್ಮ ಕಂಡಿದ್ದಾರೆ. ಒಳಗಿರುವವನು ಹೊರಬರಲು ಅವನಿಗಾಗಿ ಹೊಣೆ ನಿಲ್ಲುವವರು ಬೇಕು. ಅವರ ಬಳಿ ಆಸ್ತಿಯ ಕಾಗದ ಬೇಕು. ಆ ಕಾಗದ ನಿಜವೆಂದು ಇನ್ನೊಂದು ಕಚೇರಿ ಹೇಳಬೇಕು.

ವೀರೇಶನ ವಿಷಯದಲ್ಲಿ ಆದದ್ದೂ ಇದೇ. ಅವನ ಹೆಸರು ಬಂದಾಗ ಬಸವಣ್ಣೆಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸುತ್ತಾರೆ.

ವೀರೇಶ್ ಕೊಟ್ಟೂರಿನ ಹುಡುಗ, ಲಾರಿ ಕ್ಲೀನರ್. ಬಳ್ಳಾರಿ ಕಡೆಯಿಂದ ಕಬ್ಬಿಣದ ಸರಳು ಹೇರಿಕೊಂಡು ಎಣ್ಣೂರಿನ ಬಂದರಿಗೆ ಬಂದ ಲಾರಿಯಲ್ಲಿ ಅರ್ಧ ಸರಕು ಇರಲಿಲ್ಲ. ಅದನ್ನು ದಾರಿಯಲ್ಲಿ ಎಲ್ಲೋ ಇಳಿಸಿದ್ದ ಡ್ರೈವರ್ ಬಂದರಿನಲ್ಲಿ ತಲೆ ತಪ್ಪಿಸಿಕೊಂಡ. ಹಿಂದಿನ ಸೀಟಿನಲ್ಲಿ ಮಲಗಿದ್ದ ವೀರೇಶ್ ಸಿಕ್ಕಿಬಿದ್ದ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದವಳು ಅಕ್ಕ ಪೂರ್ಣಿಮಾ. ಕೊಟ್ಟೂರಿನ ಅಂಗನವಾಡಿಯೊಂದರಲ್ಲಿ ಸಹಾಯಕಿ. ಮೊದಲ ಸಲ ಇಲ್ಲಿಗೆ ಬಂದಾಗ ಆಕೆಗೆ ತಮಿಳು ಒಂದಕ್ಷರ ಬಾರದು. ವಾಪಸು ಬಂದ ಪೈಜಾಮ ಕೈಯಲ್ಲಿ ಹಿಡಿದು ರಸ್ತೆಯ ನಡುವೆ ನಿಂತು “ಯವ್ವಾ, ಈಗೇನ್ ಮಾಡ್ಲಿ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅದು ಬಸವಣ್ಣೆಮ್ಮನವರ ಕಿವಿಗೆ ಬಿತ್ತು.

“ಯಾವೂರವ್ವಾ ನಿಂದು?”

“ಕೊಟ್ಟೂರ್ರೀ.”

“ಅಯ್ಯ, ನಮ್ಮ ಪಕ್ಕದೂರಾಕಿ! ಬಾ ಇಲ್ಲಿ, ಕುಂದರು ಮೊದ್ಲು.”

ಆ ಮೇಲೆ ಪೂರ್ಣಿಮಾ ತಿಂಗಳಿಗೊಮ್ಮೆ ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬರುತ್ತಿದ್ದಳು. ರಾತ್ರಿ ಬಸವಣ್ಣೆಮ್ಮನವರ ಒಂದು ಕೋಣೆಯ ಮನೆಯಲ್ಲಿ ಮಲಗಿ ಮರುದಿನ ತಮ್ಮನನ್ನು ನೋಡಿ ಹೋಗುತ್ತಿದ್ದಳು. ಕೈದಿಗಳು ಮನೆಗೆ ಫೋನ್ ಮಾಡುವ ಸೌಲಭ್ಯ ಇದೆ. ಆದರೆ ಬೇರೆ ರಾಜ್ಯದ ನಂಬರು ಆದ್ದರಿಂದ ಅಲ್ಲಿನ ಠಾಣೆಯಿಂದ ಪರಿಶೀಲನೆಯಾಗಿ ಬರಬೇಕಿತ್ತು. ಕೊನೆಯವರೆಗೂ ಬರಲಿಲ್ಲ. ಹಾಗಾಗಿ ಅಕ್ಕ ಬಂದ ದಿನ ಬಿಟ್ಟರೆ ವೀರೇಶನಿಗೆ ಹೊರಗಿನ ಮಾತು ಕೇಳುವ ದಾರಿಯೇ ಇರಲಿಲ್ಲ.

ಕಾನೂನು ನೆರವಿನ ಕಡೆಯಿಂದ ಅವನಿಗೆ ಸಿಕ್ಕ ವಕೀಲೆ ಶ್ರೀಪ್ರಿಯಾ, ಚಿಕ್ಕ ವಯಸ್ಸಿನವರು. ಜಾಮೀನು ಕೊಡಿಸಿದರು. ಷರತ್ತು ಎರಡು: ಹೊಣೆ ನಿಲ್ಲಲು ಒಬ್ಬ ರಕ್ತಸಂಬಂಧಿ, ಜೊತೆಗೆ ಈ ನಗರದಲ್ಲಿ ಸ್ವಂತ ಆಸ್ತಿ ಇರುವ ಇನ್ನೊಬ್ಬರು. ರಕ್ತಸಂಬಂಧಿಯಾಗಿ ಪೂರ್ಣಿಮಾ ಇದ್ದಳು. ಇನ್ನೊಬ್ಬರು ಯಾರು? ಷರತ್ತು ಸಡಿಲಿಸಿ ಎಂದು ಹಾಕಿದ ಅರ್ಜಿ ದಿನಾಂಕದಿಂದ ದಿನಾಂಕಕ್ಕೆ ಹೋಗುತ್ತಿತ್ತು. “ಆ ತಿಂಗಳು ನನ್ನ ಕೈಲಿ ಇಂಥವು ಎಷ್ಟೋ ಇದ್ವು. ಎಲ್ಲಾರಿಗೂ ಬೇಲ್ ಇದೆ, ಶೂರಿಟಿ ಇಲ್ಲ” ಎನ್ನುತ್ತಾರೆ ಶ್ರೀಪ್ರಿಯಾ. ಮನೆಯಲ್ಲಿ ಕನ್ನಡವೇ ಆದರೂ ಕಾನೂನಿನ ಮಾತಿಗೆ ಬಂದರೆ ಅವರ ನಾಲಗೆ ತಮಿಳಿಗೆ, ಇಂಗ್ಲಿಷಿಗೆ ಹೊರಳುತ್ತದೆ.

ಒಳಗೆ ಜೊತೆಯವರು ವೀರೇಶನಿಗೆ ಬೇರೆ ದಾರಿ ಹೇಳಿದರು. ಒಪ್ಪಿಕೊಂಡುಬಿಡು. ಜೈಲಿನೊಳಗೇ ಅದಾಲತ್ ನಡೆಯುತ್ತದೆ. ಸಣ್ಣ ಕೇಸಿನಲ್ಲಿ ತಪ್ಪೊಪ್ಪಿಕೊಂಡರೆ ಇಷ್ಟು ದಿನ ಇದ್ದದ್ದನ್ನೇ ಶಿಕ್ಷೆ ಎಂದು ಲೆಕ್ಕ ಹಿಡಿದು ಅವತ್ತೇ ಬಿಟ್ಟುಬಿಡುತ್ತಾರೆ. ಇಲ್ಲವೆಂದು ಕೂತರೆ ಇನ್ನೆಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ಅವನು ಅಕ್ಕನನ್ನು ಕೇಳಿದ. ಅಕ್ಕ ರಸ್ತೆ ದಾಟಿ ಬಂದು ಬಸವಣ್ಣೆಮ್ಮನವರನ್ನು ಕೇಳಿದಳು.

“ಮಾಡದ್ದನ್ನ ಮಾಡೀನಿ ಅನಬ್ಯಾಡ ಅಂತ ಹೇಳವ್ವಾ ಅಂದೆ. ಒಪ್ಪಿಕೊಂಡು ಹೋದೋರನ್ನ ನಾ ನೋಡೀನ್ರೀ ಅಕ್ಕಾರ. ಹೋಗ್ತಾರ, ಖರೆ. ಊರಾಗ ಏನರ ಕಳುವಾದ್ರ ಮೊದ್ಲು ಅವರ ಮನಿ ಬಾಗ್ಲಾ ಬಡೀತಾರ. ಮತ್ತ ಇಲ್ಲಿಗೇ ಬರ್ತಾರ. ಈ ಹುಡುಗಗ ದೊಡ್ಡ ಲಾರಿ ಲೈಸೆನ್ಸ್ ತಗೋಬೇಕು ಅಂತ ಇತ್ತು. ಕಳ್ಳ ಅಂತ ಬರದ್ರ ಯಾವ ಮಾಲಕ ಲಾರಿ ಕೊಡ್ತಾನ? ಜಾಮೀನಿಗೆ ಜನ ನಾ ಹುಡುಕ್ತೀನಿ, ಕಾಯಿ ಅಂದೆ.”

ಕಾಯುತ್ತೇನೆ ಎಂದು ವೀರೇಶ್ ಹೇಳಿ ಕಳಿಸಿದ.

ಬಸವಣ್ಣೆಮ್ಮನವರದು ಬಾಡಿಗೆ ಮನೆ. ಅವರು ಹೊಣೆ ನಿಲ್ಲುವಂತಿಲ್ಲ. ಭಾನುವಾರಗಳಲ್ಲಿ ಅವರು ಪೆರಂಬೂರಿನ ಕನ್ನಡದ ಮನೆಗಳಿಗೆ ಹೋದರು. ಹಿಂದೆ ಬ್ಲೌಸ್ ಹೊಲಿದುಕೊಟ್ಟ ಮನೆಗಳು, ಬಸವ ಜಯಂತಿಗೆ ಒಟ್ಟಿಗೆ ಕೂತು ಉಂಡವರು. “ಕಾಫಿ ಎಲ್ಲಾರೂ ಕೊಟ್ರು” ಎನ್ನುತ್ತಾರೆ. ಯಾರನ್ನೂ ದೂರುವುದಿಲ್ಲ. ಕಂಡರಿಯದ ಹುಡುಗನಿಗಾಗಿ ಮನೆಯ ಕಾಗದ ಕೋರ್ಟಿನಲ್ಲಿ ಇಡುವುದೆಂದರೆ ಯಾರಿಗಾದರೂ ಅಂಜಿಕೆಯೇ. ಕೊನೆಗೆ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ರುದ್ರಮುನಿಯವರು ಇಲ್ಲ ಎನ್ನಲಿಲ್ಲ. ಮಕ್ಕಳನ್ನು ಕೇಳಿ ಹೇಳುತ್ತೇನೆ ಎಂದರು.

ಅಷ್ಟರಲ್ಲಿ ಈಶಾನ್ಯ ಮಳೆ ಹಿಡಿದಿತ್ತು. ಪೂರ್ಣಿಮಾ ಆ ಸಲ ಬಂದಾಗ ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು. ಒಳಗೆ ನೆಲದ ಮೇಲೆ ಮಲಗುವ ಹುಡುಗ, ಚಳಿಗೆ ಏನು ಮಾಡಿಯಾನು ಎಂದು ಬಸವಣ್ಣೆಮ್ಮನವರಿಗೆ ಸಂಕಟವಾಯಿತು. ರಾತ್ರಿ ಕೂತು ಎರಡು ಜೊತೆ ಬಟ್ಟೆ ಹೊಲಿದರು. ಕೊಟ್ರಪ್ಪನವರದೊಂದು ದಪ್ಪ ಹೊದಿಕೆ ಪೆಟ್ಟಿಗೆಯಲ್ಲಿತ್ತು. ಅದನ್ನೂ ಒಗೆದು ಮಡಚಿ ಗಂಟು ಕಟ್ಟಿ ಪೂರ್ಣಿಮಾಳ ಕೈಗೆ ಕೊಟ್ಟರು. ಪೂರ್ಣಿಮಾ ತಮ್ಮನನ್ನು ನೋಡಿ, ಒಬ್ಬರನ್ನು ಕೇಳಿದ್ದೇವೆ, ಇನ್ನೂ ಹೂಂ ಅಂದಿಲ್ಲ ಎಂದಷ್ಟೇ ಹೇಳಿ, ಗಂಟನ್ನು ಗೇಟಿನ ಕಿಟಕಿಯಲ್ಲಿ ಒಪ್ಪಿಸಿ ರಾತ್ರಿಯ ರೈಲು ಹತ್ತಿದಳು. ತಪಾಸಣೆ ಮುಗಿದು ಅದು ವೀರೇಶನ ಕೈಸೇರಿದ್ದು ಮರುದಿನ. ಆ ಹೊತ್ತಿಗೆ ಏನಾದರೂ ಕೇಳೋಣವೆಂದರೆ ಅಕ್ಕ ಇರಲಿಲ್ಲ.

ಎರಡು ದಿನದ ಮೇಲೆ ರುದ್ರಮುನಿ ಒಪ್ಪಿದರು. ಮನೆ ತೆರಿಗೆಯ ರಸೀದಿ, ರೇಷನ್ ಕಾರ್ಡು ಎಲ್ಲ ತಾವೇ ಹಿಡಿದು ಕಚೇರಿಗೆ ಅಲೆದು ಪರಿಶೀಲನೆ ಮುಗಿಸಿಕೊಂಡರು. ಶುಕ್ರವಾರ ಸಂಜೆ ಶ್ರೀಪ್ರಿಯಾ ಫೋನ್ ಮಾಡಿ ಎಲ್ಲ ಸರಿಯಿದೆ, ಸೋಮವಾರ ಕೋರ್ಟಿನಲ್ಲಿ ಹಾಜರುಪಡಿಸೋಣ, ಮಂಗಳವಾರ ಹುಡುಗ ಹೊರಗೆ ಎಂದರು. ಪೂರ್ಣಿಮಾ ಭಾನುವಾರ ರಾತ್ರಿಯ ರೈಲಿಗೆ ಟಿಕೆಟ್ ತೆಗೆದಳು. “ಸೋಮವಾರಕ್ಕಂತ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದೆ” ಎಂದು ರುದ್ರಮುನಿ ಹೇಳುತ್ತಾರೆ. “ಎಪ್ಪತ್ತು ವರ್ಷದಾಗ ಕೋರ್ಟಿನ ಮೆಟ್ಲು ಹತ್ತಿದಾಂವ ಅಲ್ಲ. ನಮ್ಮ ಮನಿಯಾಕಿ, ಮದುವಿಗಂಡಿನಂಗ ಸಡಗರ ಮಾಡಾಕತ್ತೀರಲ್ಲ ಅಂತ ನಕ್ಕಿದ್ಲು.”

ಶನಿವಾರ ಬೆಳಿಗ್ಗೆ ಎಂದಿನಂತೆ ಬಸವಣ್ಣೆಮ್ಮ ಟಾರ್ಪಾಲು ಬಿಚ್ಚುವಾಗ ಚಹಾದ ಅಂಗಡಿಯಲ್ಲಿ ಯಾರೋ ಇವತ್ತು ಒಳಗೆ ಅದಾಲತ್ ಇದೆ ಎಂದರು. ಅವರು ಚಪ್ಪಲಿಯನ್ನೂ ಹಾಕದೆ ರಸ್ತೆ ದಾಟಿದರು.

“ಆ ಪೊಲೀಸಪ್ಪನ ಕೈ ಹಿಡಕೊಂಡೆ. ಒಂದs ಒಂದು ಮಾತು ಒಳಗ ಹೇಳಿಸಪ್ಪಾ, ಜಾಮೀನು ಆಗೇತಿ ಒಪ್ಪಬ್ಯಾಡ ಅಂತ. ಪಾಪ, ಇಲ್ಲ ಅನ್ನಲಿಲ್ಲ ಆತ. ಯಾವ ಬ್ಲಾಕು ಪಾಟಿ ಅಂದ. ನನಗ ಗೊತ್ತಿರಲಿಲ್ಲ. ಅವನ ಸೊಂಟದ ಅಳತಿ ಗೊತ್ತಿತ್ತು, ಬ್ಲಾಕು ಗೊತ್ತಿರಲಿಲ್ಲ.”

ಪೊಲೀಸಪ್ಪನ ಕಾವಲು ಗೇಟಿನ ಹೊರಗೆ. ಅವರು ಒಳಗಿನವರೊಬ್ಬರಿಗೆ ಹೇಳಿದರು. ಅವರು ಇನ್ನೊಬ್ಬರಿಗೆ ಹೇಳಿರಬೇಕು. ಶ್ರೀಪ್ರಿಯಾ ಆ ದಿನ ನಗರದ ಇನ್ನೊಂದು ತುದಿಯಲ್ಲಿದ್ದರು, ಅದಾಲತ್ತಿನಲ್ಲಿ ಕೂತಿದ್ದ ವಕೀಲರಿಗೆ ಈ ಕೇಸಿನ ವಿಷಯ ತಿಳಿಯದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸಣ್ಣ ಬಾಗಿಲು ತೆರೆದು ಕೆಲವರನ್ನು ಹೊರಗೆ ಬಿಟ್ಟರು. ಅವರಲ್ಲಿ ಒಬ್ಬ ತೆಳ್ಳಗಿನ ಹುಡುಗ ಬಟ್ಟೆಯ ಗಂಟು ಎದೆಗವಚಿಕೊಂಡು ಅತ್ತಿತ್ತ ನೋಡಿ, ಟಾರ್ಪಾಲಿನ ಕಡೆಗೆ ನಡೆದು ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

“ಅಮ್ಮಾ, ನಾ ಕದ್ದಿಲ್ರೀ” ಎಂದನಂತೆ.

“ನನಗ ಗೊತ್ತೈತಪ್ಪಾ.”

“ಕದ್ದೀನಿ ಅಂತ ಹೇಳಿ ಬಂದ್ಬಿಟ್ಟೆ.”

ಬಸವಣ್ಣೆಮ್ಮ ಅವನಿಗೆ ಸ್ಟೂಲು ಕೊಟ್ಟರು. ಚಹಾ ತರಿಸಿದರು. ಸೋಮವಾರದ ವಿಷಯ ಹೇಳಬಾರದು ಎಂದುಕೊಂಡವರು ತಡೆಯಲಾರದೆ ಹೇಳಿಬಿಟ್ಟರು. ಇನ್ನು ಮೂರು ದಿನ ಕಾಯಬಹುದಿತ್ತಲ್ಲೋ ಮಗಾ ಎಂದರು. ಅವನು ಲೋಟ ಕೆಳಗಿಟ್ಟ.

“ನೀವು ಎರಡು ಜೊತಿ ಕಳಿಸಿದ್ರಿ. ಹೊದಿಕಿನೂ ಕಳಿಸಿದ್ರಿ. ಒಳಗ ಎಲ್ಲಾರೂ ಗಂಟು ನೋಡಿದ್ರು. ಜಾಮೀನು ಆಗಂಗಿದ್ರ ಮನಿಯವರು ಹೊದಿಕಿ ಯಾಕ ಕಳಿಸ್ತಾರ, ನಿನ್ನ ಮಳೆಗಾಲ ಇಲ್ಲೇ ಅಂತ ನಕ್ರು. ಅಕ್ಕ ಬಾಯಿಬಿಟ್ಟು ಹೇಳಾಕ ಆಗದs ಹಿಂಗ ಕಳಿಸ್ಯಾಳ ಅನ್ಕೊಂಡೆ.”

ಒಳಗಿರುವವರಿಗೆ ಹೊರಗಿನ ಸುದ್ದಿ ಬರುವ ದಾರಿ ಬಟ್ಟೆಯ ಗಂಟೂ ಒಂದು ಎಂಬುದು ಬಸವಣ್ಣೆಮ್ಮನವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಂಟು ದಪ್ಪವಾದರೆ ಬಹಳ ದಿನ, ತೆಳುವಾದರೆ ಸ್ವಲ್ಪ ದಿನ. ಒಳಗಿನವರು ಅದನ್ನು ಹಾಗೆ ಓದುತ್ತಾರೆ. ಇಷ್ಟು ವರ್ಷ ಗೋಡೆಯ ಈಚೆಗೆ ಕೂತು ಹೊಲಿದರೂ ಆಚೆಗೆ ತಮ್ಮ ಹೊಲಿಗೆ ಏನು ಹೇಳುತ್ತದೆ ಎಂದು ಅವರು ಒಮ್ಮೆಯೂ ಯೋಚಿಸಿರಲಿಲ್ಲ.

ಆ ರಾತ್ರಿ ವೀರೇಶ್ ಮಲಗಿದ್ದು ರುದ್ರಮುನಿಯವರ ಮನೆಯಲ್ಲಿ. ಅವರ ಹೆಂಡತಿ ಬಿಸಿ ರೊಟ್ಟಿ ಮಾಡಿ ಬಡಿಸಿದರು. ಪೂರ್ಣಿಮಾಗೆ ಫೋನ್ ಮಾಡಿ, ಹೊರಡಬೇಡ, ಅವನೇ ಊರಿಗೆ ಬರುತ್ತಾನೆ ಎಂದರು. ಭಾನುವಾರ ಅವನನ್ನು ರೈಲು ಹತ್ತಿಸಿ, ಕೋರ್ಟಿಗೆಂದು ಇಸ್ತ್ರಿ ಮಾಡಿಸಿದ ಅಂಗಿಯನ್ನು ರುದ್ರಮುನಿ ಅವನಿಗೇ ಕೊಟ್ಟು ಕಳಿಸಿದರು. ಸ್ವಲ್ಪ ದೊಡ್ಡದಾಗುತ್ತಿತ್ತಂತೆ.

ಈಗ ಅವನು ಊರಿನ ಮಂಡಿಯೊಂದರಲ್ಲಿ ಮೂಟೆ ಹೊರುತ್ತಾನೆ. ಫೋನಿನಲ್ಲಿ ಮಾತು ಕಡಿಮೆ. “ಲಾರಿ ವಿಷಯ ಕೇಳಬ್ಯಾಡ್ರಿ. ಮಾಲಕ್ರು ಹೆಸರು ಕೇಳಿದ್ರ ಸಾಕು, ಹೋಗು ಅಂತಾರ. ಎಲ್ಲೋ ಲೋಡ್ ಕಳುವಾತು ಅಂತ ಠಾಣೆಗೆ ಕರೆಸಿದ್ರು, ಒಂದಲ್ಲ ಎರಡು ಸಲ.” ಆಮೇಲೆ ಫೋನ್ ಅಕ್ಕನ ಕೈಗೆ ಹೋಗುತ್ತದೆ. ಪೂರ್ಣಿಮಾ ಕೇಳುವುದು ಒಂದೇ ಮಾತು: “ಅಮ್ಮಾರು ಹ್ಯಾಂಗದಾರ? ಅವರದೇನು ತಪ್ಪಿಲ್ಲ ಅಂತ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ.”

ಹೇಳಿದರೂ ಬಸವಣ್ಣೆಮ್ಮ ಕೇಳುವುದಿಲ್ಲ. ತಲೆ ಅಲ್ಲಾಡಿಸಿ ಸೂಜಿಗೆ ದಾರ ಪೋಣಿಸುತ್ತಾರೆ. ವೀರೇಶನ ಲಾಡಿ ಇನ್ನೂ ಡಬ್ಬಿಯಲ್ಲಿದೆ. ಆ ಸಂಜೆ ಪೋಣಿಸಿ ಕೊಡುತ್ತೇನೆ ಎಂದು ತೆಗೆದರೆ ಅವನು ಬೇಡವೆಂದ. ಎರಡು ಜೊತೆ ಬಟ್ಟೆ, ಹೊದಿಕೆ ಎಲ್ಲವನ್ನೂ ಮಡಚಿ ಯಂತ್ರದ ಮೇಲಿಟ್ಟು, ಬೇರೆ ಯಾರಿಗಾದರೂ ಕೊಡಿ ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಹೊದಿಕೆಯ ನಾಲ್ಕು ಮೂಲೆಯನ್ನೂ ಒಂದಕ್ಕೊಂದು ಕೂಡಿಸಿ ಬಹಳ ಜೋಪಾನವಾಗಿ ಮಡಚಿದ್ದನಂತೆ.

ಅಂದಿನಿಂದ ಬಸವಣ್ಣೆಮ್ಮ ಯಾರಿಗೂ ಒಂದೇ ಸಲಕ್ಕೆ ಎರಡನೆಯ ಜೊತೆ ಹೊಲಿದು ಕೊಡುವುದಿಲ್ಲ.

ಬಿಸಿಲು ಏರಿದೆ. ಕನ್ನಿಯಮ್ಮ ಗಂಡನನ್ನು ನೋಡಿಕೊಂಡು ರಸ್ತೆ ದಾಟಿ ಬರುತ್ತಾಳೆ. ಬೆಳಿಗ್ಗೆಯ ಮುನಿಸು ಇಲ್ಲ. ಗಾಜಿನ ಆಚೆಯಿಂದ ಗಂಡ ಏನು ತಂದಿದ್ದೀ ಎಂದು ಕೇಳಿದನಂತೆ. ಒಂದೇ ಜೊತೆ ಬಟ್ಟೆ ಎಂದಳಂತೆ.

“ಅವರು ನಕ್ಕರು, ಪಾಟಿ. ಎಷ್ಟೋ ದಿನ ಆಗಿತ್ತು ನಕ್ಕು. ಹಾಗಾದರೆ ಬೇಗ ಬರ್ತೀನಾ ಎಂದು ಕೇಳಿದರು. ಜಾಮೀನಿಗೆ ಇನ್ನೂ ಅರ್ಜಿಯನ್ನೇ ಹಾಕಿಲ್ಲ. ನಾನೇನು ಹೇಳಲಿ?”

ಬಸವಣ್ಣೆಮ್ಮ ಎದ್ದು ನಿಲ್ಲುತ್ತಾರೆ. ಅವರು ಸ್ಟೂಲನ್ನು ಅವಳ ಕಡೆಗೆ ಸರಿಸುತ್ತಾರೆ. ಕನ್ನಿಯಮ್ಮ ಕೂರುತ್ತಾಳೆ. ರಸ್ತೆಯಾಚೆ ಇನ್ನೊಬ್ಬಾಕೆಯ ಚೀಲ ಕಿಟಕಿಯಿಂದ ವಾಪಸು ಬರುತ್ತಿದೆ. ಪೊಲೀಸಪ್ಪ ಅವಳಿಗೆ ಈ ಕಡೆಗೆ ಕೈ ತೋರಿಸುತ್ತಿದ್ದಾರೆ.

ಇಷ್ಟು ವರ್ಷದ ಕೆಲಸದಲ್ಲಿ ಹೆಮ್ಮೆ ಎನ್ನಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರೆ ಅವರು ಬರುತ್ತಿರುವವಳ ಮೇಲೇ ಕಣ್ಣಿಟ್ಟು, ಕೈಯಲ್ಲಿದ್ದ ಪೈಜಾಮಕ್ಕೆ ಇಲಾಸ್ಟಿಕ್ ತೂರಿಸುತ್ತ ಹೇಳುತ್ತಾರೆ:

“ನಾ ಹೊಲಿದದ್ದು ಇಲ್ಲಿತನಕ ಒಂದೂ ಆ ಗೇಟಿನಿಂದ ವಾಪಸ್ ಬಂದಿಲ್ರೀ ಅಕ್ಕಾರ. ಎಲ್ಲಾ ಒಳಗ ಹೋಗ್ಯಾವ.”

ಬಟ್ಟೆಯೊಳಗೆ ಪಿನ್ನು ಅರ್ಧ ದಾರಿಗೆ ಹೋಗಿ ನಿಲ್ಲುತ್ತದೆ.

“ಅದೊಂದು ಗಂಟು ವಾಪಸ್ ಬಂದಿದ್ರ ಚಲೋ ಇತ್ತು.”